ಪಾಯಿಂಟ್ ಕೊಟ್ಟರೆ ಸಾಲದು, ಕನ್ನಡದಾಗ ಹೇಳ್ರಿ!

ನವಲಗುಂದ, ಅಣ್ಣಿಗೇರಿ ಸಂತೆಯಲ್ಲಿ ಕಾಯಂ ಗಿರಾಕಿಗೆ ತೂಕದ ಮೇಲೆ ಒಂದು ಹಿಡಿ ಕೊಸರು ಬೀಳುವುದು ಹಳೆಯ ಪದ್ಧತಿ. ಅದಕ್ಕೆ ಕಾಗದವಿಲ್ಲ, ಕರಾರಿಲ್ಲ. 'ಇನ್ನೊಂದಿಷ್ಟು ಹಾಕ್ರೀ' ಅಂದರೆ ಮುಗಿಯಿತು. ಈಗ ಆನ್‌ಲೈನ್ ಅಂಗಡಿಗಳೂ ಕೊಸರು ಕೊಡುತ್ತಿವೆ. ಹೆಸರಷ್ಟೇ ಬೇರೆ: ಪಾಯಿಂಟ್, ಕಾಯಿನ್, ರಿವಾರ್ಡ್. ಕೊಟ್ಟದ್ದೇನೋ ಸರಿ, ಯಾವ ಭಾಷೆಯಲ್ಲಿ ಹೇಳಿ ಕೊಟ್ಟರು ಎಂಬುದೇ ಪ್ರಶ್ನೆ.

ಫ್ಲಿಪ್‌ಕಾರ್ಟ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 2007ರಲ್ಲಿ. ಹಿಂದಿ ಕಲಿತದ್ದು 2019ರಲ್ಲಿ. ಕನ್ನಡ ಬಾಯಿಗೆ ಬಂದದ್ದು 2020ರ ಜೂನ್‌ನಲ್ಲಿ, ತಮಿಳು, ತೆಲುಗಿನ ಜೊತೆಗೆ. ಅದೇ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕೂಡ ಕನ್ನಡ ತಂದಿತು. ಮನೆಮಗ ಮನೆಮಾತು ಆಡಲು 13 ವರ್ಷ! ತಡವಾದರೂ ಬಂತಲ್ಲ ಎನ್ನೋಣ.

ದೊಡ್ಡವರ ಮಾತು ಹಾಗಿರಲಿ. ನಮ್ಮ ಕಡೆಯ ಸಣ್ಣ ವ್ಯಾಪಾರಸ್ಥರೂ ಈಗ ಆನ್‌ಲೈನ್ ಅಂಗಡಿ ತೆರೆದು, ಗಿರಾಕಿ ಹಿಡಿದಿಡಲು ಪಾಯಿಂಟ್ ಯೋಜನೆ ಇಡಬಹುದು. ಅಂಥವರು ಒಂದು ಮಾತು ತಿಳಿದಿರಲಿ. ಎಷ್ಟೋ ಕಡೆ ಅಂಗಡಿಯ ಪುಟ ಒಂದು ಸಾಫ್ಟ್‌ವೇರ್, ಪಾಯಿಂಟ್ ಲೆಕ್ಕ ಇನ್ನೊಂದು. ಪುಟ ಕನ್ನಡವಾದರೂ ಪಾಯಿಂಟಿನ ಕಿಟಕಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಅದನ್ನು ಬೇರೆಯಾಗಿಯೇ ಕನ್ನಡಕ್ಕೆ ತರಬೇಕು.

ತರುವಾಗಲೂ ಎಚ್ಚರ ಬೇಕು. 'ಲಾಯಲ್ಟಿ ಪ್ರೋಗ್ರಾಂ' ಎಂಬುದನ್ನು 'ನಿಷ್ಠಾ ಕಾರ್ಯಕ್ರಮ' ಎಂದು ಬರೆದರೆ ಕುಂದಗೋಳದ ಗಿರಾಕಿ ಯಾವುದೋ ಪಕ್ಷದ ಸಭೆ ಎಂದುಕೊಂಡಾನು! 'ಪಾಯಿಂಟ್' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹೆಸರಿನ ಮುಂದೆ ಯಂತ್ರ ಬರೀ 'ಗೆ' ಅಂಟಿಸಿದರೆ 'ಬಸವರಾಜಗೆ' ಎಂದು ಏಕವಚನವಾಗುತ್ತದೆ. 'ಬಸವರಾಜ ಅವರಿಗೆ' ಎಂದಿಟ್ಟರೆ ಗಂಡಸರಿಗೂ ಹೆಂಗಸರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಉರ್ದು ಇಡುವುದಾದರೆ ಬರಹ ಬಲದಿಂದ ಎಡಕ್ಕೆ ಓಡಬೇಕು. ಗಿರಾಕಿ ಹೆಸರು ಬರೆಸುವಾಗಲೇ 'ಯಾವ ಭಾಷೆ ಬೇಕ್ರೀ?' ಎಂದು ಕೇಳಿ, ಅದನ್ನು ದಾಖಲಿಸಿಟ್ಟುಕೊಳ್ಳುವುದು ಜಾಣತನ.

ಇನ್ನು ಖರ್ಚಿನ ಮಾತು. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತವೆ. ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಮಾತು ಉದ್ದವಾದರೆ ಒಂದು ಸಂದೇಶಕ್ಕೆ ಎರಡು, ಮೂರರ ದರ. ಹೀಗಾಗಿ ಉಳಿತಾಯಕ್ಕೆ ಹೊರಟವರ ಕತ್ತರಿ ಮೊದಲು ಬೀಳುವುದು ಕನ್ನಡದ ಮೇಲೆ.

ಅಲ್ಲೇ ಗಿರಾಕಿಗೆ ನಷ್ಟ. ಪಾಯಿಂಟ್ ಯಾವ ತಾರೀಖಿಗೆ ರದ್ದಾಗುತ್ತದೆ, ಎಷ್ಟು ಪಾಯಿಂಟಿಗೆ ಎಷ್ಟು ರೂಪಾಯಿ, ಸಾಮಾನು ವಾಪಸ್ ಕೊಟ್ಟರೆ ಪಾಯಿಂಟ್ ಹೋಗುತ್ತದೆಯೇ? ಇವೆಲ್ಲ ಇರುವುದು ಷರತ್ತಿನ ಪುಟದಲ್ಲಿ. 'ಸ್ವಾಗತ' ಎಂಬುದು ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ ಇದ್ದರೆ ಅದಕ್ಕೆ ಏನೆನ್ನಬೇಕು? ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಫಲಕ ಓದಿ ಒಳಗೆ ಬಂದವನಿಗೆ ಕರಾರೂ ಓದಲು ಬರಬೇಡವೇ?

ಇನ್ನೊಂದು ಅಪಾಯವೂ ಉಂಟು. 'ನಿಮ್ಮ ಪಾಯಿಂಟ್ ಇಂದೇ ಮುಗಿಯುತ್ತದೆ, ಇಲ್ಲಿ ಒತ್ತಿ' ಎಂದು ಕಳ್ಳ ಸಂದೇಶ ಕಳಿಸಿ ಬ್ಯಾಂಕಿನ ಹಣ ಎಗರಿಸುವವರಿದ್ದಾರೆ. ನಿಜವಾದ ತಾರೀಖು ತಿಳಿಯದ ಗಿರಾಕಿ ಇಂಥ ಬಲೆಗೆ ಬೇಗ ಬೀಳುತ್ತಾನೆ. ಹಾಗೇನಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಅಂಗಡಿಕಾರರು ಎಲ್ಲವನ್ನೂ ಒಮ್ಮೆಲೇ ಕನ್ನಡ ಮಾಡಲಾರರು, ಒಪ್ಪೋಣ. ಕಡೇ ಪಕ್ಷ ತಾರೀಖು ಮತ್ತು ಷರತ್ತು, ಇವೆರಡನ್ನು ಮೊದಲು ಮಾಡಲಿ. ಬಣ್ಣದ ಜಾಹೀರಾತು ಆಮೇಲೆ. ಗಿರಾಕಿಗಳೂ ಸುಮ್ಮನಿರಬಾರದು. ಪಾಯಿಂಟ್ ಬಂತೆಂದು ಹಿಗ್ಗುವ ಮೊದಲು ಒಂದು ಮಾತು ಕೇಳಿಬಿಡಿ: 'ಇದು ಎಲ್ಲೀತನಕ ನಡೀತದರಿ? ಕನ್ನಡದಾಗ ಬರದು ಕೊಡ್ರಿ!'