'ಇನಿಮಿಕಲ್': ಹಗೆ ಮತ್ತು ಆಗದಿರುವಿಕೆ

ಇಂಗ್ಲಿಷಿನ 'ಇನಿಮಿಕಲ್' ಎಂಬ ವಿಶೇಷಣಕ್ಕೆ ಸಮಾನಪದ ಹುಡುಕುವಾಗ 'ಹಗೆತನದ', 'ವೈರದ' ಎಂಬ ರೂಪಗಳೇ ಮೊದಲು ಹೊಳೆಯುತ್ತವೆ. ಇವು ಎಲ್ಲೆಡೆ ಸಲ್ಲುವುದಿಲ್ಲವೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಈ ಪದದ ಮೂಲ ಲ್ಯಾಟಿನ್ನಿನ 'ಇನಿಮಿಕುಸ್'. ಗೆಳೆಯನೆಂಬ ಅರ್ಥದ 'ಅಮಿಕುಸ್' ಶಬ್ದಕ್ಕೆ ನಿಷೇಧವಾಚಿ 'ಇನ್' ಸೇರಿ ಆದ ರೂಪವಿದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ 'ಎನಿಮಿ'ಯೂ ಇದರಿಂದಲೇ ಹುಟ್ಟಿದುದು. ಸಂಸ್ಕೃತದ 'ಅಮಿತ್ರ'ದ ರಚನೆಯೂ ಇಂಥದೇ: ಸ್ನೇಹದ ನಿಷೇಧವೇ ವೈರದ ಅರ್ಥವನ್ನು ಪಡೆದಿದೆ.

ಕನ್ನಡದ 'ಹಗೆ' ಹಾಗಲ್ಲ. ಹಳಗನ್ನಡದ 'ಪಗೆ', ತಮಿಳಿನ 'ಪಗೈ', ತೆಲುಗಿನ 'ಪಗ' ಇವು ಸಜಾತೀಯ ಶಬ್ದಗಳು. 'ಪಾಲ್' ಎಂಬುದು 'ಹಾಲು' ಆದಂತೆ 'ಪಗೆ' 'ಹಗೆ'ಯಾಗಿದೆ. ಇಲ್ಲಿ ನಿಷೇಧವಿಲ್ಲ, ದ್ವೇಷವನ್ನು ನೇರವಾಗಿ ಹೇಳುವ ಪದವಿದು. ಹಗೆ ಸಾಧಿಸಲು ಮನಸ್ಸೊಂದು ಬೇಕು. 'ಇನಿಮಿಕಲ್' ಪದವಾದರೋ ವ್ಯಕ್ತಿಗಳಿಗಿಂತ ಹೆಚ್ಚಾಗಿ ಹವೆ, ಪದ್ಧತಿ, ಕಾನೂನುಗಳಿಗೆ ಅನ್ವಯಿಸುತ್ತದೆ. ಬೆಳೆಗೆ ಒಗ್ಗದ ಹವೆಗೆ ಬೆಳೆಯ ಮೇಲೆ ಹಗೆಯಿರಲಾರದು. ಇಂಥಲ್ಲಿ ಗ್ರಾಂಥಿಕ ಕನ್ನಡ 'ಪ್ರತಿಕೂಲ', 'ಹಾನಿಕರ' ಎನ್ನುತ್ತದೆ.

ಆಡುಮಾತಿನಲ್ಲಿ ಎರಡೂ ನೆಲೆಗಳಿಗೆ ಸಲ್ಲುವ ಪದವೊಂದಿದೆ: 'ಆಗು' ಧಾತುವಿನ ನಿಷೇಧರೂಪ. 'ಅವರಿಗೂ ಇವರಿಗೂ ಆಗದು' ಎಂದರೆ ಸ್ನೇಹವಿಲ್ಲವೆಂದು. 'ನೆಗಡಿಗೆ ಮೊಸರು ಆಗದು' ಎಂದರೆ ಒಗ್ಗದೆಂದು. ಚೆನ್ನೈಯಲ್ಲಿರುವ ಕನ್ನಡಿಗರಿಗೆ ಈ ಸಾಮ್ಯ ಸುಲಭವಾಗಿ ಗೋಚರಿಸುತ್ತದೆ. ತಮಿಳಿನ 'ಆಗಾದು' ಕೂಡ ಮನಸ್ತಾಪಕ್ಕೂ ಪಥ್ಯಕ್ಕೂ ಹೀಗೆಯೇ ಬಳಕೆಯಾಗುತ್ತದೆ.

ಈ ಭೇದವು ಕೇವಲ ಶಬ್ದಕುತೂಹಲದ ವಿಷಯವಲ್ಲ. 'ನಮಗೂ ಅವರಿಗೂ ಆಗುತ್ತಿರಲಿಲ್ಲ' ಎಂಬ ಸಾಕ್ಷಿಯ ಮಾತನ್ನು 'ಎನ್ಮಿಟಿ' ಎಂದು ಅನುವಾದಿಸಿದರೆ, ಬರಿಯ ಮನಸ್ತಾಪವು ಅಪರಾಧದ ಪ್ರೇರಣೆಯಾಗಿ ತೋರಬಹುದು. ಹಳ್ಳಿಯ ಚರಿತ್ರೆ ಬರೆಯುವವರು ಮಾತು ಬಿಟ್ಟ ಎರಡು ಮನೆತನಗಳನ್ನು ಬದ್ಧವೈರಿಗಳೆಂದು ದಾಖಲಿಸಬಹುದು.

ನಿಘಂಟುಗಳಿಂದ ಇದಕ್ಕೆ ದೊರೆಯುವ ನೆರವು ಸೀಮಿತವಾದುದು. ಕಿಟ್ಟೆಲರ 1894ರ ನಿಘಂಟೂ, ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದಲ್ಲಿ ಮದ್ರಾಸು ವಿಶ್ವವಿದ್ಯಾಲಯ ಹೊರತಂದ ಅದರ ಆವೃತ್ತಿಯೂ ಕನ್ನಡದಿಂದ ಇಂಗ್ಲಿಷಿಗೆ ಸಾಗುವಂಥವು. 'ಇನಿಮಿಕಲ್' ಎಂದು ಹುಡುಕಿ 'ಆಗದು' ತಲುಪುವ ದಾರಿ ಅವುಗಳಲ್ಲಿಲ್ಲ. ಆದುದರಿಂದ ಹೊರನಾಡಿನ ಸಂಶೋಧಕರು ಮೂಲವಾಕ್ಯದಲ್ಲಿ ದ್ವೇಷವಿದೆಯೋ, ಸ್ನೇಹದ ಅಭಾವ ಮಾತ್ರವಿದೆಯೋ ಎಂಬುದನ್ನು ಮೊದಲು ನಿರ್ಧರಿಸಿಕೊಂಡು, ಅನಂತರ ಪದವನ್ನು ಆರಿಸುವುದು ಯುಕ್ತವೆಂದು ಭಾವಿಸುತ್ತೇವೆ.