ದೋಷವೋ ಪಾಠವೋ: ‘ಬ್ಯಾಟಲ್ ಫಾರ್ ವೆಸ್ನಾತ್’ ಆಟದ ಸಾಮುದಾಯಿಕ ಪರಿಷ್ಕರಣೆ

ಓಲೆಗರಿಯ ಪ್ರತಿಯೊಂದರಲ್ಲಿ ಎದುರಾಗುವ ಅಪರಿಚಿತ ರೂಪವು ಲಿಪಿಕಾರನ ಪ್ರಮಾದವೋ ಕವಿಯ ಪ್ರಯೋಗವೋ ಎಂಬುದು ಗ್ರಂಥಸಂಪಾದಕನ ಮೊದಲ ತೊಡಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆ ಈ ತೊಡಕಿನ ಪರಿಭಾಷೆ ಸುಪರಿಚಿತವಾದುದು. ಇದೇ ತೊಡಕನ್ನು, ಬೇರೆಯದೇ ಪರಿಭಾಷೆಯಲ್ಲಿ, ಕಂಪ್ಯೂಟರ್ ಆಟಗಳ ಅಭಿಮಾನಿಗಳೂ ನಿತ್ಯ ಎದುರಿಸುತ್ತಿದ್ದಾರೆ. ಆಟಗಾರರೇ ಪರೀಕ್ಷಿಸಿ, ಆಟಗಾರರೇ ತಿದ್ದಿ, ಎರಡು ದಶಕಗಳಿಗೂ ಮಿಕ್ಕಿ ಬೆಳೆಸಿಕೊಂಡು ಬಂದಿರುವ ಒಂದು ಆಟದ ಪರಿಷ್ಕರಣ ವಿಧಾನವನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

‘ಬ್ಯಾಟಲ್ ಫಾರ್ ವೆಸ್ನಾತ್’ ಸರದಿಯ ಮೇಲೆ ಆಡುವ ಯುದ್ಧತಂತ್ರದ ಆಟ. ಡೇವಿಡ್ ವೈಟ್ ಅವರು ಇದರ ಮೊದಲ ರೂಪವನ್ನು 2003ರಲ್ಲಿ ಹೊರತಂದರು. 1.0 ಆವೃತ್ತಿ 2005ರಲ್ಲಿಯೂ 1.18 ಆವೃತ್ತಿ 2024ರಲ್ಲಿಯೂ ಬಿಡುಗಡೆಯಾದವು. ಆಟದ ಆಕರ ಸಂಕೇತವು ಜಿಎನ್‌ಯು ಸಾರ್ವಜನಿಕ ಪರವಾನಗಿಗೆ ಒಳಪಟ್ಟಿರುವುದರಿಂದ ಅದನ್ನು ಯಾರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹಂಚುವವರು ತಾವು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡಬೇಕೆಂಬುದು ಷರತ್ತು. ಷಟ್ಕೋನದ ಮನೆಗಳಿರುವ ಭೂಪಟದ ಮೇಲೆ ಮನುಷ್ಯರು, ವನವಾಸಿ ಎಲ್ಫ್‌ಗಳು, ಓರ್ಕ್‌ಗಳು, ಸತ್ತೂ ಎದ್ದುಬಂದ ಪ್ರೇತಸೇನೆಗಳು ಸೆಣಸುತ್ತವೆ. ಕಾಡು, ಗುಡ್ಡ, ಕೋಟೆಗಳಿಗೆ ತಕ್ಕಂತೆ ಪ್ರತಿಯೊಬ್ಬ ಯೋಧನಿಗೂ ರಕ್ಷಣೆಯ ಶೇಕಡಾವಾರು ನಿಗದಿಯಾಗಿದೆ. ಹಗಲು ಇರುಳುಗಳೂ ಯುದ್ಧದಲ್ಲಿ ಭಾಗಿಗಳು: ಕೆಲವು ಯೋಧರ ಹೊಡೆತ ಹಗಲಿನಲ್ಲಿ ಶೇ. 25ರಷ್ಟು ಬಲಿಯುತ್ತದೆ, ಇರುಳಿನಲ್ಲಿ ಅಷ್ಟೇ ಕುಗ್ಗುತ್ತದೆ. ಪ್ರೇತಗಳದು ಇದಕ್ಕೆ ವಿರುದ್ಧ. ಈ ನಿಯಮವನ್ನು ಅರಿಯದ ಹೊಸಬನಿಗೆ, ನಿನ್ನೆ ಗೆದ್ದ ಪಡೆ ಇಂದು ಅದೇ ಶತ್ರುವಿನೆದುರು ಸೋಲುವುದು ತಂತ್ರಾಂಶದ ದೋಷವೆಂದೇ ತೋರುತ್ತದೆ.

ಆಟವು ತಟ್ಟನೆ ನಿಂತುಹೋದರೆ ಅದು ದೋಷವೆಂಬುದರಲ್ಲಿ ವಿವಾದವಿಲ್ಲ. ಯೋಧನ ವಿವರಣೆಯಲ್ಲಿ ಒಂದು ಶಕ್ತಿಯನ್ನು ಹೇಳಿ, ಆಟದಲ್ಲಿ ಅವನು ಇನ್ನೊಂದು ಬಗೆಯಲ್ಲಿ ವರ್ತಿಸಿದರೆ ತೊಡಕು ಆರಂಭವಾಗುತ್ತದೆ. ತಿದ್ದಬೇಕಾದುದು ವಿವರಣೆಯನ್ನೋ ವರ್ತನೆಯನ್ನೋ? ಎರಡೂ ‘ಮೂಲ’ದಲ್ಲಿಯೇ ಇವೆ. ಅನೇಕರು ಸೇರಿ ಬರೆದ ಕೃತಿಯಲ್ಲಿ ‘ಕರ್ತೃವಿನ ಆಶಯ’ವೆಂದು ಯಾವುದನ್ನು ಹಿಡಿಯಬೇಕೆಂಬುದಕ್ಕೆ ಸಿದ್ಧ ಉತ್ತರವಿಲ್ಲ. ಆ ನಿಯಮವನ್ನು ಸೇರಿಸಿದಾಗಿನ ಚರ್ಚೆಯೇನು, ಅದನ್ನು ನೆಚ್ಚಿಕೊಂಡ ಕಥಾಸರಣಿಗಳಾವುವು, ತಿದ್ದಿದರೆ ಪಕ್ಷಗಳ ನಡುವಣ ಸಮತೋಲ ಎತ್ತ ವಾಲೀತು ಎಂಬುದನ್ನೆಲ್ಲ ಪರಿಶೀಲಿಸಿಯೇ ನಿರ್ಣಯಕ್ಕೆ ಬರಬೇಕಾಗುತ್ತದೆ. ಸಂಖ್ಯಾಬಾಹುಳ್ಯದಿಂದ ಪಾಠನಿರ್ಣಯವಾಗದೆಂಬ ಸಂಪಾದನಾ ತತ್ತ್ವ ಇಲ್ಲಿಯೂ ಸಲ್ಲುತ್ತದೆ: ಹತ್ತಾರು ಮಂದಿ ದೂರಿದ ಮಾತ್ರಕ್ಕೆ ನಿಯಮವೊಂದು ದೋಷವಾಗಿಬಿಡುವುದಿಲ್ಲ.

ಇದಕ್ಕೆ ಅದೃಷ್ಟದ ಕುರಿತಾದ ದೂರುಗಳೇ ಉತ್ತಮ ನಿದರ್ಶನ. ಕೋಟೆಯಲ್ಲಿ ನಿಂತ ಸಾಮಾನ್ಯ ಕಾಲಾಳಿಗೆ ಶೇ. 60 ರಕ್ಷಣೆ, ಎಂದರೆ ಅವನ ಮೇಲಿನ ಪ್ರತಿ ಹೊಡೆತವೂ ತಗಲುವ ಸಂಭವ ಶೇ. 40 ಮಾತ್ರ. ಎದುರಾಳಿ ಮೂರು ಬಾರಿ ಹೊಡೆದರೆ ಮೂರೂ ತಪ್ಪುವ ಸಂಭವ 0.6ರ ಘನ, ಅಂದರೆ ಶೇ. 21.6, ಐದು ದಾಳಿಗಳಲ್ಲಿ ಒಂದಕ್ಕಿಂತ ಹೆಚ್ಚು. ಮೂರೂ ತಗಲುವ ಸಂಭವ ಶೇ. 6.4. ನೂರಾರು ಹೊಡೆತಗಳಿರುವ ಒಂದು ಪಂದ್ಯದಲ್ಲಿ ಇವೆರಡೂ ಹಲವು ಬಾರಿ ಘಟಿಸಿಯೇ ತೀರುತ್ತವೆ. ಮನಸ್ಸಾದರೋ ಸೋತದ್ದನ್ನು ನೆನಪಿಡುತ್ತದೆ, ಗೆದ್ದದ್ದನ್ನು ತನ್ನ ಜಾಣ್ಮೆಗೆ ಸೇರಿಸಿಕೊಳ್ಳುತ್ತದೆ. ‘ದಾಳದಲ್ಲಿ ಮೋಸವಿದೆ’ ಎಂಬ ದೂರು ಹುಟ್ಟುವುದು ಹೀಗೆ. ನಿರೀಕ್ಷಿತ ಹಾನಿಯೆಷ್ಟು, ನಿಜವಾಗಿ ಆದ ಹಾನಿಯೆಷ್ಟು ಎಂಬ ಲೆಕ್ಕವನ್ನು ತೋರಿಸುವ ಅಂಕಿಅಂಶಗಳ ಪುಟ ಆಟದೊಳಗೇ ಇದೆ. ದೂರುವವನು ಮೊದಲು ಅದನ್ನು ನೋಡುವುದು ಲೇಸು.

ಪುರಾವೆಯಿಲ್ಲದೆ ಹಬ್ಬಿದ ದೋಷಕಥನವು ಜಾನಪದವಾಗಿ ಬೆಳೆಯುವ ಬಗೆಗೆ ಇನ್ನೊಂದು ಆಟದಿಂದ ಉದಾಹರಣೆ ಕೊಡಬಹುದು. 1991ರ ‘ಸಿವಿಲೈಸೇಷನ್’ ಆಟದಲ್ಲಿ ಭಾರತದ ನಾಯಕ ಗಾಂಧಿ. ಅವರ ಆಕ್ರಮಣಶೀಲತೆಯ ಅಂಕ 1 ಇತ್ತೆಂದೂ, ಪ್ರಜಾಪ್ರಭುತ್ವಕ್ಕೆ ಬಂದಾಗ ಅದರಿಂದ 2 ಕಳೆದು, ಋಣಸಂಖ್ಯೆಯನ್ನು ಹಿಡಿಯಲಾಗದ ಯಂತ್ರವು ಅದನ್ನು 255 ಎಂದು ಓದಿತೆಂದೂ, ಗಾಂಧಿ ಅಣುಬಾಂಬು ಹಾಕತೊಡಗಿದರೆಂದೂ ಕಥೆ. ಈ ವಿವರಣೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ 2010ರ ದಶಕದಲ್ಲಿ ಅದು ತಂತ್ರಾಂಶ ದೋಷದ ಪಾಠದಂತೆಯೇ ಪ್ರಚಾರ ಪಡೆಯಿತು. ಆಟದ ನಿರ್ಮಾತೃ ಸಿಡ್ ಮೈಯರ್ 2020ರ ತಮ್ಮ ಆತ್ಮಕಥೆಯಲ್ಲಿ ಅಂಥ ದೋಷವಿರಲೇ ಇಲ್ಲವೆಂದು ಸ್ಪಷ್ಟಪಡಿಸಿದರು. ಅಹಿಂಸಾಮೂರ್ತಿಯ ಕೈಯಲ್ಲಿ ಅಣ್ವಸ್ತ್ರವೆಂಬ ವೈದೃಶ್ಯವೇ ಕಥೆಯನ್ನು ಬಾಳಿಸಿತೆಂದು ತೋರುತ್ತದೆ.

ವೆಸ್ನಾತ್ ಸಮುದಾಯ ಇಂಥ ಕಥನಕ್ಕೂ ವರದಿಗೂ ಗೆರೆ ಎಳೆಯುವುದು ಪುನರಾವರ್ತನೆಯ ಮೂಲಕ. ಯಾವ ಆವೃತ್ತಿ, ಯಾವ ಕಾರ್ಯಾಚರಣ ವ್ಯವಸ್ಥೆ, ಯಾವ ಹೆಜ್ಜೆಗಳನ್ನಿಟ್ಟರೆ ದೋಷ ಮರುಕಳಿಸುತ್ತದೆ ಎಂಬ ವಿವರ ವರದಿಯಲ್ಲಿರಬೇಕು. ಉಳಿಸಿಟ್ಟ ಆಟದ ಕಡತ ಜೊತೆಗಿದ್ದರೆ ಇನ್ನೂ ಒಳಿತು. ಆಟವು ಪ್ರತಿ ನಡೆಯನ್ನೂ ದಾಖಲಿಸಿಕೊಳ್ಳುವುದರಿಂದ ಇಡೀ ಪಂದ್ಯವನ್ನು ಮತ್ತೆ ನಡೆಸಿ ನೋಡುವುದು ಸಾಧ್ಯ. ಹಲವರು ಕೂಡಿ ಆಡುವಾಗ ಈ ದಾಖಲೆಯ ಮಹತ್ತ್ವ ಇಮ್ಮಡಿಯಾಗುತ್ತದೆ. ಆಗ ಪರಸ್ಪರ ರವಾನೆಯಾಗುವುದು ಮುಖ್ಯವಾಗಿ ಆಟಗಾರರ ನಡೆಗಳು. ಅವುಗಳ ಫಲವನ್ನು ಪ್ರತಿ ಕಂಪ್ಯೂಟರೂ ತಾನೇ ಲೆಕ್ಕಹಾಕಿಕೊಳ್ಳುತ್ತದೆ. ಒಂದರ ಲೆಕ್ಕ ಒಂದು ಅಂಕ ಬೇರೆಯಾದರೂ ಸಾಕು, ಒಬ್ಬನ ಪರದೆಯಲ್ಲಿ ಸತ್ತ ಯೋಧ ಮತ್ತೊಬ್ಬನ ಪರದೆಯಲ್ಲಿ ಬದುಕಿರುತ್ತಾನೆ. ಇಂಥ ಭೇದವನ್ನು ಆಟಗಾರರು ‘ಔಟ್ ಆಫ್ ಸಿಂಕ್’ ಎನ್ನುತ್ತಾರೆ. ಒಂದೇ ಮಾತೃಕೆಯಿಂದ ಹೊರಟ ಎರಡು ಪ್ರತಿಗಳು ಎಲ್ಲಿ ಬೇರ್ಪಟ್ಟವೆಂದು ಹುಡುಕುವ ಕೆಲಸವೇ ಇದು. ಇಬ್ಬರ ಬಳಿಯೂ ಇರುವ ಹೆಚ್ಚುವರಿ ಕಡತಗಳ ಆವೃತ್ತಿ ಬೇರೆಯಾಗಿರುವುದು ಇದಕ್ಕೆ ಒಂದು ಸಾಮಾನ್ಯ ಕಾರಣ.

ತಿದ್ದುಪಡಿಗಳು ಎಲ್ಲರನ್ನೂ ಒಮ್ಮೆಗೇ ತಲಪುವುದಿಲ್ಲ. 1.17ರಂತೆ ಬೆಸಸಂಖ್ಯೆಯವು ಪರೀಕ್ಷಾರ್ಥ ಸರಣಿಗಳು; 1.18ರಂತೆ ಸಮಸಂಖ್ಯೆಯವು ಸ್ಥಿರ ಸರಣಿಗಳು. ಬೆಸ ಸರಣಿಯನ್ನು ಆಡುವವನು ಒಡೆದುಹೋಗಬಹುದಾದ ಆಟವನ್ನು ತಿಳಿದೇ ಆರಿಸಿಕೊಂಡವನು, ಆದ್ದರಿಂದ ಅವನು ಪರೀಕ್ಷಕನೂ ಹೌದು. ಸ್ಥಿರ ಬಿಡುಗಡೆ ಸಮೀಪಿಸಿದಂತೆ ಹೊಸ ಅಂಶಗಳ ಸೇರ್ಪಡೆ ನಿಲ್ಲುತ್ತದೆ. ಅನುವಾದಕರ ಶ್ರಮ ವ್ಯರ್ಥವಾಗದಿರಲೆಂದು ಇಂಗ್ಲಿಷ್ ಪಠ್ಯವನ್ನೂ ಬದಲಿಸದೆ ಇಡುತ್ತಾರೆ.

ಕೆಲವೊಮ್ಮೆ ತಿದ್ದುವ ಬದಲು ಕಿತ್ತುಹಾಕುವುದೇ ಪರಿಹಾರವಾಗುತ್ತದೆ. ಯಂತ್ರ ನಡೆಸುವ ಎದುರಾಳಿಯ ಬುದ್ಧಿಯನ್ನು ಪೈಥಾನ್ ಭಾಷೆಯಲ್ಲಿ ಬರೆಯುವ ಅವಕಾಶ ಹಿಂದೆ ಇತ್ತು. ಅದಕ್ಕೆ ಹಾಕಿದ್ದ ನಿರ್ಬಂಧಗಳನ್ನು ದಾಟಿ ಆಟಗಾರನ ಕಂಪ್ಯೂಟರಿನಲ್ಲಿ ಬೇಕಾದ ಆಜ್ಞೆಯನ್ನು ನಡೆಸಬಹುದೆಂಬುದು 2009ರಲ್ಲಿ ತಿಳಿದುಬಂದಾಗ ಆ ಸೌಲಭ್ಯವನ್ನೇ ತೆಗೆದುಹಾಕಲಾಯಿತು. ಅಪರಿಚಿತರು ಬರೆದ ಕಥಾಸರಣಿಗಳನ್ನು ಇಳಿಸಿಕೊಂಡು ಆಡುವ ಸಮುದಾಯದಲ್ಲಿ ಬೇರೆ ನಿರ್ಣಯ ಸಾಧ್ಯವಿರಲಿಲ್ಲ.

ಈ ಪರಿಷ್ಕರಣೆಯ ಬೆಲೆಯನ್ನು ಹೆಚ್ಚಾಗಿ ತೆರುವುದು ಆ ಕಥಾಸರಣಿಗಳೇ. ಆಟದ ಸನ್ನಿವೇಶಗಳನ್ನು ಬರೆಯಲು ವೆಸ್ನಾತ್‌ಗೆ ತನ್ನದೇ ಆದ ಗುರುತುಭಾಷೆಯಿದೆ. ಪ್ರೋಗ್ರಾಮಿಂಗ್ ಅರಿಯದವರೂ ಅದರಲ್ಲಿ ಕಥೆ, ಸಂಭಾಷಣೆ, ಯುದ್ಧಗಳನ್ನು ಕಟ್ಟಿದ್ದಾರೆ. ಸರಣಿ ಬದಲಾದಾಗ ಈ ಭಾಷೆಯ ಕೆಲವು ಪ್ರಯೋಗಗಳು ಸಾಧುವಲ್ಲದಾಗುತ್ತವೆ, ಹಳೆಯ ಕೃತಿ ಹೊಸ ಆವೃತ್ತಿಯಲ್ಲಿ ನಡೆಯದೆ ಹೋಗುತ್ತದೆ. ಪ್ರತಿ ಸ್ಥಿರ ಸರಣಿಗೂ ಇಂಥ ಕೃತಿಗಳ ಸಂಗ್ರಹ ಪ್ರತ್ಯೇಕವಾಗಿರುವುದರಿಂದ, ಯಾರಾದರೂ ಹೊಸ ರೂಪಕ್ಕೆ ಒಗ್ಗಿಸಿ ಮತ್ತೆ ಸೇರಿಸದ ಹೊರತು ಕೃತಿಯು ಮುಂದಿನ ತಲೆಮಾರಿನ ಆಟಗಾರರ ಕಣ್ಣಿಗೆ ಬೀಳದು. ಕರ್ತೃ ಆಸಕ್ತಿ ಕಳೆದುಕೊಂಡು ಹೊರಟುಹೋಗಿದ್ದರೆ ಅದನ್ನು ಉಳಿಸುವವನು ಅಭಿಮಾನಿಯೊಬ್ಬನೇ. ಮರುಪ್ರತಿಯಾಗದ ಓಲೆಗ್ರಂಥದ ಗತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕೆಲಸಕ್ಕೆ ನೆರವಾಗಲು ‘ಡಬ್ಲ್ಯುಎಂಎಲ್‌ಲಿಂಟ್’ ಎಂಬ ಸಾಧನವಿದೆ. ಅದು ಹಳೆಯ ಪ್ರಯೋಗಗಳನ್ನು ಗುರುತಿಸಿ, ಕೆಲವನ್ನು ತಾನೇ ಹೊಸ ರೂಪಕ್ಕೆ ತರುತ್ತದೆ, ಸಂದೇಹವಿದ್ದಲ್ಲಿ ಎಚ್ಚರಿಕೆ ಕೊಟ್ಟು ನಿರ್ಣಯವನ್ನು ಮನುಷ್ಯನಿಗೆ ಬಿಡುತ್ತದೆ. ವ್ಯಾಕರಣವನ್ನು ಯಂತ್ರ ಸರಿಪಡಿಸಬಲ್ಲದು. ಮೂರನೆಯ ಸನ್ನಿವೇಶದ ಕಾಳಗ ಕರ್ತೃವಿಗೆ ಬೇಕಾಗಿಯೇ ಅಷ್ಟು ಕಠಿನವಾಗಿದೆಯೋ, ಈಚಿನ ಬದಲಾವಣೆಯಿಂದ ಹಾಗಾಯಿತೋ ಎಂಬುದನ್ನು ಆಡಿ ನೋಡಿದವನೇ ಹೇಳಬೇಕು. ಅಧಿಕೃತವಾಗಿ ಆಟದಲ್ಲಿ ಸೇರಿದ ಕಥಾಸರಣಿಗಳ ಕೃತಜ್ಞತಾ ಪುಟದಲ್ಲಿ ವಿನ್ಯಾಸಕಾರರನ್ನೂ ಬಳಿಕ ನಿರ್ವಹಿಸಿಕೊಂಡು ಬಂದವರನ್ನೂ ಬೇರೆ ಬೇರೆ ತಲೆಬರಹಗಳಲ್ಲಿ ಹೆಸರಿಸುವ ರೂಢಿಯಿದೆ. ಯಾವ ಸಾಲನ್ನು ಯಾರು, ಯಾವ ದಿನ, ಏಕೆ ತಿದ್ದಿದರೆಂಬ ಟಿಪ್ಪಣಿ ಆಕರ ಸಂಕೇತದ ಇತಿಹಾಸದಲ್ಲಿಯೇ ಉಳಿಯುತ್ತದೆ. ನಮ್ಮ ಹಸ್ತಪ್ರತಿಗಳ ಲಿಪಿಕಾರರಲ್ಲಿ ಹೆಚ್ಚಿನವರು ಅಂಥ ಟಿಪ್ಪಣಿಯನ್ನು ಬಿಟ್ಟುಹೋಗಿಲ್ಲ.