ಒಂದೇ ಪಾತ್ರೆಯ ಸಿಗಡಿ ಪಾಸ್ತಾ

ಕ್ವಾಲಾಲಂಪುರ: ಒಂದೇ ಬಾಡಿಗೆ ಮನೆಯಲ್ಲಿರುವ ಕನ್ನಡಿಗ ದನದ ಮಾಂಸ ತಿನ್ನದಿದ್ದರೆ, ಮಲಯ ಗೆಳೆಯ ಹಂದಿ ಮುಟ್ಟುವುದಿಲ್ಲ. ಇಬ್ಬರೂ ಒಂದೇ ಪಾತ್ರೆಯಿಂದ ಉಣ್ಣಲು ಸಿಗಡಿ, ಬೊಂಡಾಸದ ಇಟಾಲಿಯನ್ ಖಾರ ಪಾಸ್ತಾ ಸುಲಭ ದಾರಿ. ಇಟಲಿಯಲ್ಲಿ ಇದಕ್ಕೆ ಬಿಳಿ ವೈನ್ ಹಾಕುವುದುಂಟು. ಇಲ್ಲಿ ಅದನ್ನು ಬಿಟ್ಟು ನಿಂಬೆರಸ ಹಿಂಡಿದರಾಯಿತು.

ಇಬ್ಬರಿಗೆ 200 ಗ್ರಾಂ ಸ್ಪಗೆಟ್ಟಿ ಬೇಯಿಸಿಕೊಳ್ಳಿ. ಎಣ್ಣೆಯಲ್ಲಿ ಬೆಳ್ಳುಳ್ಳಿ, ನಮ್ಮ ಜೀರಿಗೆ ಮೆಣಸಿನಂಥ ಇಲ್ಲಿನ ‘ಚಿಲಿ ಪಾಡಿ’ ಎರಡು ಹುರಿದು, 3 ಟೊಮೆಟೊ ಹಾಕಿ ಕರಗಿಸಿ. ಊರಿಂದ ತಂದ ಬ್ಯಾಡಗಿ ಪುಡಿ ಬಣ್ಣ ಕೊಡುತ್ತದೆ. ಉಪ್ಪು ಸೇರಿಸಿ, ಕೊನೆಗೆ ಸಿಗಡಿ, ಬೊಂಡಾಸ ಹಾಕಿ. 3 ನಿಮಿಷ ಸಾಕು, ಹೆಚ್ಚಾದರೆ ರಬ್ಬರಿನಂತಾಗುತ್ತದೆ. ಸ್ಪಗೆಟ್ಟಿ ಬೆರೆಸಿ ಇಳಿಸಿ.

ಇಲ್ಲಿ ರಾತ್ರಿ 9 ಆದಾಗ ಊರಲ್ಲಿ ಸಂಜೆ 6.30. ಅಮ್ಮ ಫೋನಿನಲ್ಲಿ ‘ಊಟ ಆಯ್ತಾ ಮಗಾ?’ ಎಂದರೆ, ‘ಆಯ್ತಮ್ಮ, ಇಬ್ಬರೂ ಕೂತು ಉಂಡೆವು’ ಎನ್ನಬಹುದು.